ಊರ ಹೊರಗೆ ಮೆಟ್ಟಿದ ಚಪ್ಪಲಿ

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಾಗಲಕೋಟೆಯಿಂದ ಬೇವೂರಿನ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಹೋದೆ. ಶಾಲೆಗೆ ಹೋಗುವಾಗಿನಿಂದ ಚಪ್ಪಲಿ ಮೆಟ್ಟಿ ರೂಢಿಯಿದ್ದವಳು. ಮೂರನೆಯ ದಿನ ಅವನ್ನು ಮೆಟ್ಟಿ ಅಂಗಳಕ್ಕಿಳಿದಾಗ ಅತ್ತೆ ಒಳಗೆ ಕರೆದು, ಹಿರಿಯರು ಕಟ್ಟೆಯ ಮೇಲೆ ಕೂತಿರುವಾಗ ಸೊಸೆ ಚಪ್ಪಲಿ ಮೆಟ್ಟಿ ಅವರ ಮುಂದೆ ದಾಟುವ ರೂಢಿ ಈ ಊರಿನಲ್ಲಿಲ್ಲ ಎಂದರು. ಬೈಯಲಿಲ್ಲ. ಅತ್ತೆಯೂ ಹುಟ್ಟಿದಾಗಿನಿಂದ ಬರಿಗಾಲಲ್ಲೇ ನಡೆದವರು. ಚಪ್ಪಲಿಯನ್ನು ಟ್ರಂಕಿನಲ್ಲಿಟ್ಟೆ. ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದರು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು.

ಹೊಲದ ದಾರಿಯ ಎರಡೂ ಬದಿ ಜಾಲಿಗಿಡ. ಓಣಿಯ ಹೆಂಗಸರು ಬುಟ್ಟಿ ಹೊತ್ತು, ಮಾತಾಡುತ್ತಾ ಸರಸರ ನಡೆಯುತ್ತಿದ್ದರು. ನಾನು ನೆಲ ನೋಡಿ ಒಂದೊಂದೇ ಹೆಜ್ಜೆ ಇಡುತ್ತಿದ್ದೆ. ಅವರ ನಗು ದೂರವಾಗುತ್ತಾ ಹೋಗಿ ಕೊನೆಗೆ ಕೇಳಿಸದಾಗುತ್ತಿತ್ತು. ಯಾರೂ ಬೇಕೆಂದು ಬಿಟ್ಟುಹೋದವರಲ್ಲ. ಕೆಲಸಕ್ಕೆ ಹೊತ್ತಾಗುತ್ತಿತ್ತು, ಅಷ್ಟೆ.

ಒಮ್ಮೆ ಹಿಮ್ಮಡಿಗೆ ಹೊಕ್ಕ ಮುಳ್ಳು ಒಳಗೇ ಮುರಿಯಿತು. ಪಿನ್ನಿನಿಂದ ಕೆದಕಿದೆ, ಬರಲಿಲ್ಲ. ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಕೀವು ತುಂಬಿ ಕಾಲೂರಲಾಗದಾಯಿತು. ಅತ್ತೆಯೇ ನೋಡಿ, ಕಮತಗಿಯಲ್ಲಿದ್ದ ಡಾಕ್ಟರರ ಹತ್ತಿರ ಕರೆದೊಯ್ದರು. ಅವರು ಕೊಯ್ದು ಮುಳ್ಳು ತೆಗೆದು, ಈಕೆಗೊಂದು ಜೋಡು ಚಪ್ಪಲಿ ಕೊಡಿಸಲಾಗದೇನು ಎಂದು ಅತ್ತೆಯನ್ನು ಗದರಿದರು. ಟ್ರಂಕಿನಲ್ಲಿವೆ ಎಂದು ನಾವಿಬ್ಬರೂ ಹೇಳಲಿಲ್ಲ.

ಬಸ್ಸಿಳಿದ ಮೇಲೆ ಅತ್ತೆ ಹೇಳಿದರು: “ಹೊಲದ ಹಾದ್ಯಾಗ ಮೆಟ್ಟಿಕೋ. ಊರೊಳಗ ಮಾತ್ರ ಕೈಯಾಗ ಹಿಡ್ಕೊಂಡ ಬಾ.”

ಗಾಯ ಮಾಯ್ದ ಮೇಲೆ ಹಾಗೇ ಮಾಡಿದೆ. ಊರು ದಾಟಿ ಚಪ್ಪಲಿ ಮೆಟ್ಟಿ, ಹೆಂಗಸರ ಸರಿಸಮ ನಡೆದೆ. ಈಗ ಅವರೇ ಮಾತು ನಿಲ್ಲಿಸಿ ದಾರಿ ಬಿಟ್ಟರು.

“ನೀ ಮುಂದ ಹೋಗವ್ವಾ, ನಿನಗೇನ್ ಮುಳ್ಳಿನ ಅಂಜಿಕಿ” ಎಂದಳು ಒಬ್ಬಾಕೆ.

ಆ ಮಾತಿನಲ್ಲಿ ಕುಹಕವಿರಲಿಲ್ಲ. ಎಂಟು ದಿನ ಎಲ್ಲರಿಗಿಂತ ಮುಂದೆ ಒಬ್ಬಳೇ ನಡೆದೆ. ಒಂಬತ್ತನೆಯ ದಿನ ಬರಿಗಾಲಲ್ಲಿ ಹೊರಟೆ. ಅತ್ತೆ ನನ್ನ ಕಾಲು ನೋಡಿದರು.

ವರ್ಷ ಕಳೆಯುವಷ್ಟರಲ್ಲಿ ಅಂಗಾಲು ದಡ್ಡುಗಟ್ಟಿತು. ನೆಲ ನೋಡದೆ, ಗುಂಪಿನ ನಡುವೆಯೇ ನಡೆಯುತ್ತಿದ್ದೆ. ಅವರು ಮಾತಾಡುತ್ತಿದ್ದುದು ನಾನು ಬರುವ ಮೊದಲಿನ ಬಾಣಂತನಗಳು, ಜಗಳಗಳು, ನಾನು ಕಾಣದೇ ಸತ್ತುಹೋದವರ ಸುದ್ದಿ. ಅವರು ನಕ್ಕಾಗ ನಾನೂ ನಗುತ್ತಿದ್ದೆ.

ಪಂಚಮಿಗೆ ತವರಿಗೆ ಹೋದಾಗ ಅವ್ವ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ನೋಯುತ್ತದೇನು ಎಂದು ಕೇಳಿದಳು. ಇಲ್ಲವೆಂದೆ. ಅದು ಖರೆ. ಎಣ್ಣೆ ತಿಕ್ಕುತ್ತಲೇ ಮತ್ತೆ ಕೇಳಿದಳು:

“ಅಲ್ಲಿ ನಿನ್ನ ಜೋಡಿ ಯಾರರ ಮಾತಾಡ್ತಾರೇನ?”

“ಎಲ್ಲಾರೂ ಮಾತಾಡ್ತಾರ.”

ಅವ್ವ ತಲೆ ಎತ್ತಲಿಲ್ಲ. ಇನ್ನೊಂದು ಕಾಲು ಕೊಡು ಎಂದಳು.