ಭಟ್ಕಳದ ನೆಲಮಾಳಿಗೆ ಮತ್ತು ಬಾಗಿಲ ಚಪ್ಪಲಿಗಳು

1998ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ ಓದು ನಿಲ್ಲಿಸಿ ಕುಮಟಾದ ಐಸ್ ಪ್ಲಾಂಟಿಗೆ ಸೇರಿದೆ. ಅಲ್ಲಿ ಕಲಿತ ತಂಪು ಯಂತ್ರದ ಕೆಲಸ ಕೊನೆಗೆ ನನ್ನನ್ನು ಚೆನ್ನೈ ಮೆಟ್ರೋದ ನೆಲದಡಿಯ ನಿಲ್ದಾಣಕ್ಕೆ ಒಯ್ದಿತು. ಏಸಿ ವಿಭಾಗದಲ್ಲಿ ಐದು ವರ್ಷ ದುಡಿದೆ. ನೆಲದಡಿ ಗಾಳಿಗೆ ತಾನಾಗಿ ಹೊರಹೋಗುವ ದಾರಿಯಿಲ್ಲ. ಜನರ ಮೈಶಾಖ, ದೀಪಗಳ ಬಿಸಿ ಎಲ್ಲವನ್ನೂ ಯಂತ್ರವೇ ಹೊರಹಾಕಬೇಕು. ಸುರಂಗದ ಬಿಸಿಗಾಳಿಯನ್ನು ರೈಲು ಮುಂದೆ ನೂಕಿಕೊಂಡು ಬರುತ್ತದೆ. ಅದು ಒಳನುಗ್ಗದಂತೆ ಪ್ಲಾಟ್‌ಫಾರ್ಮ್ ಉದ್ದಕ್ಕೂ ಗಾಜಿನ ಬಾಗಿಲುಗಳು. ರೈಲು ನಿಂತರೆ ಮಾತ್ರ ತೆರೆಯುತ್ತವೆ.

ಊರಿಗೆ ಮರಳಿ ಹೊನ್ನಾವರದಲ್ಲಿ ಸ್ವಂತ ಅಂಗಡಿ ಹಾಕಿದೆ. ಮೊದಲ ದೊಡ್ಡ ಕೆಲಸ ಭಟ್ಕಳದಲ್ಲಿ, ರಫೀಕ್ ಸಾಹೇಬರ ಮದುವೆ ಬಟ್ಟೆ ಅಂಗಡಿಗೆ ಏಸಿ ಕೂರಿಸುವುದು. ಅದೂ ನೆಲಮಾಳಿಗೆ. ಇದು ಸರಿಹೋದರೆ ತಮ್ಮದನ್ನೂ ಕೊಡುತ್ತೇವೆಂದು ಆ ಬೀದಿಯ ಮೂವರು ಅಂಗಡಿಯವರು ಕಾದಿದ್ದರು.

ಬೇಸಿಗೆಯಲ್ಲಿ ತೊಂದರೆ ಬರಲಿಲ್ಲ. ಮಳೆ ಹಿಡಿದ ವಾರಕ್ಕೇ ಸಾಹೇಬರ ಫೋನ್.

"ಎಂತ ಭಾಯಿ, ಹೊರಗೂ ಮಳೆ, ಒಳಗೂ ಮಳೆ. ನಿನ್ನ ಏಸಿ ಬಟ್ಟೆ ಒಗೀತಾ ಉಂಟಾ?"

ಹೋಗಿ ನೋಡಿದರೆ ತಂಪುಗಾಳಿ ಬರುವ ಜಾಲರಿಗಳಿಂದ ಹನಿ ಬೀಳುತ್ತಿತ್ತು. ಡ್ರೈನ್ ಪೈಪ್ ಸ್ವಚ್ಛ, ಗ್ಯಾಸ್ ಸರಿ. ತಿರುಗಿ ಮೆಟ್ಟಿಲ ಬುಡದ ಬಾಗಿಲು ನೋಡಿದೆ. ಗಾದಿಯ ಮೇಲೆ ಕೂತು ಬಟ್ಟೆ ಆರಿಸುವ ಅಂಗಡಿ. ಗಿರಾಕಿಗಳು ಚಪ್ಪಲಿ ಹೊರಗೆ ಬಿಡುತ್ತಾರೆ. ಮಳೆಯಲ್ಲಿ ನೆನೆಯದಿರಲೆಂದು ಬಾಗಿಲ ಸಂದಿಗೆ ಸರಿಸುತ್ತಾರೆ. ಆ ರಾಶಿಗೆ ತಾಗಿ ಬಾಗಿಲು ಗೇಣುದ್ದ ತೆರೆದೇ ಇತ್ತು. ಕಡಲ ತೇವದ ಗಾಳಿ ಮೆಟ್ಟಿಲಿಳಿದು ಅಲ್ಲಿಂದ ಒಳಬಂದು, ತಣ್ಣಗಿನ ಜಾಲರಿಗೆ ತಾಗಿ ನೀರಾಗುತ್ತಿತ್ತು.

ಮೇಲೆ, ರಸ್ತೆಯ ಬದಿಗೆ ಒಂದು ಚಪ್ಪಲಿ ಸ್ಟ್ಯಾಂಡ್ ಇಟ್ಟೆ. ಒಬ್ಬ ಅಜ್ಜಿ ಅದನ್ನು ನೋಡಿ, "ಹೊಸ ಚಪ್ಲಿ ರಸ್ತೆ ಬದಿಗೆ ಬಿಡ್ಲಾ? ನೀ ಕಾವಲು ಕೂರ್ತ್ಯಾ?" ಎಂದು ಗದರಿದರು.

ಆಗ ನಿಲ್ದಾಣದ ಪಾಠ ನೆನಪಾಯಿತು. ಮೆಟ್ಟಿಲ ತಲೆಗೆ ಇನ್ನೊಂದು ಗಾಜಿನ ಬಾಗಿಲು ಕೂರಿಸಿದೆ. ಎರಡರ ನಡುವೆ ಚಪ್ಪಲಿಗೆ ಜಾಗ. ಹನಿ ನಿಂತಿತು. ನನ್ನ ಕೈಕೆಲಸವೆಂದು ಹೊನ್ನಾವರದಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮದುವೆ ಗಿರಾಕಿ ಹೆಚ್ಚಿದ ವಾರ ಮತ್ತೆ ಫೋನ್. ಹೋದರೆ, ಅಂಗಡಿಯವರು ಎರಡೂ ಬಾಗಿಲುಗಳನ್ನು ಹಗ್ಗದಿಂದ ಬಿಗಿದು ತೆರೆದಿಟ್ಟಿದ್ದರು. ಮದುಮಗಳಿಗೆಂದು ಬಿಚ್ಚಿದ ಲೆಹೆಂಗಾದ ಮೇಲೆ ನೀರಿನ ಕಲೆ.

"ಮುಚ್ಚಿಡಿ ಅಂತ ಎಷ್ಟು ಸಲ ಹೇಳ್ಲಿ ಸಾಹೇಬ್ರೇ? ಚೆನ್ನೈಯಲ್ಲಿ..."

"ಚೆನ್ನೈಯಲ್ಲಿ ಬಾಗ್ಲು ಮುಚ್ಚಿದ್ರೂ ಜನ ಅದೇ ರೈಲಿಗೆ ಕಾಯ್ಬೇಕು. ಇಲ್ಲಿ ಬಾಗ್ಲು ಮುಚ್ಚಿದ್ರೆ ಅಂಗಡಿ ಬಂದ್ ಅಂತ ಪಕ್ಕದ್ದಕ್ಕೆ ಹೋಗ್ತ್ರು. ಫ್ಯಾನೇ ಸಾಕು ಭಾಯಿ. ಚಾ ಕುಡಿ, ನಿನ್ನ ಏಸಿ ಬಿಚ್ಕೊಂಡು ಹೋಗು."

"ಆತು" ಎಂದೆ. ಚಾ ಲೋಟ ಕೆಳಗಿಟ್ಟು ಏಸಿಯ ಜತೆ ಮೇಲಿನ ಗಾಜಿನ ಬಾಗಿಲನ್ನೂ ಬಿಚ್ಚಿದೆ. ಬೀದಿಯ ಆ ಮೂವರೂ ಮತ್ತೆ ಕೆಲಸದ ಮಾತೆತ್ತಲಿಲ್ಲ.

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಈಗ ಯಾವ ಅಂಗಡಿಗೆ ಹೋದರೂ ಗೋಡೆ ಅಳೆಯುವ ಮೊದಲು ಜನ ಬಾಗಿಲನ್ನು ಏನು ಮಾಡುತ್ತಾರೆಂದು ನಿಂತು ನೋಡುತ್ತೇನೆ.

ಇವತ್ತು ನನ್ನ ಬಳಿ ಇರುವುದು ಒಂದು ಅಂಗಡಿ, ಒಂದು ಹಳೆಯ ವ್ಯಾನು, ಇಬ್ಬರು ಕೆಲಸಗಾರರು ಮತ್ತು ಗೋಡೆಗೆ ಒರಗಿಸಿಟ್ಟ ಆ ಗಾಜಿನ ಬಾಗಿಲು.