ಹಾಕದೆ ಬಿಟ್ಟ ಬೆಣೆ

ಮಾಳವ್ವನಿಗೆ ಗಾಡಿ ಹೊಡೆಯಲು ಚೆನ್ನಾಗಿ ಬರುತ್ತಿತ್ತು. ಬರುವುದಿಲ್ಲ ಎಂದು ಊರಿಗೆ ಊರೇ ನಂಬುವಂತೆ ಮಾಡಿದವನು ನಾನು. ಅವಳ ಗಾಡಿಯಲ್ಲಿ ದೋಷವಿತ್ತು; ಗೊತ್ತಿದ್ದೂ ಆ ದೋಷವನ್ನು ಇಟ್ಟವನು ನಾನೇ. ಮರೆತೆ ಎನ್ನಲಾರೆ, ಅವಸರವಿತ್ತು ಎನ್ನಲಾರೆ. ಆ ದಿನ ನನಗೆ ಬೇಕಾದಷ್ಟು ಹೊತ್ತಿತ್ತು.

ಯಮಕನಮರಡಿಯಲ್ಲಿ ಹೆದ್ದಾರಿಗೆ ಹೊಂದಿಕೊಂಡು ನನ್ನ ಗ್ಯಾರೇಜು. ಪಾಟಾ ಕೆಲಸಕ್ಕೆ ನನ್ನ ಹೆಸರು ದೊಡ್ಡದು — ಪಾಟಾ ಅಂದರೆ ಗಾಡಿಯ ಭಾರ ಹೊರಲು ಒಂದರ ಮೇಲೊಂದು ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳು. ಈರಣ್ಣ ಮಿಸ್ತ್ರಿ ಕಟ್ಟಿದ ಪಾಟಾ ಕುಸಿಯುವುದಿಲ್ಲ ಎನ್ನುತ್ತಿದ್ದರು. ಆ ಮಾತನ್ನು ನಾನೂ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಆ ಮಾತು ಕಿವಿಗೆ ಬಿದ್ದರೆ ಉಗುಳಬೇಕು ಎನಿಸುತ್ತದೆ.

ಮಾಳವ್ವ ಕುಲಗೋಡದವಳು, ಕುರಿ ಸಾಕುವ ಮನೆಯ ಸೊಸೆ. ಗಂಡ ಸಿದ್ದಪ್ಪ ವರ್ಷದಲ್ಲಿ ಅರ್ಧ ಕಾಲ ಹಿಂಡಿನ ಹಿಂದೆ ಊರೂರು ಸುತ್ತುವವನು. ಸ್ಟೇರಿಂಗ್ ಮುಂದೆ ಕೂರಿಸಿದರೆ ಅವನಿಗೆ ಕೈನಡುಕ. ಹಿಂಡು ಬೀಡು ಬಿಟ್ಟಲ್ಲಿಗೆ ನೀರು, ಹೊಟ್ಟು ಮುಟ್ಟಿಸಲು, ಈದ ಕುರಿಗಳನ್ನು ಮನೆಗೆ ತರಲು ಅವರು ಒಂದು ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಕೊಂಡಿದ್ದರು. ಅದನ್ನು ಹೊಡೆಯಲು ಕಲಿತವಳು ಮಾಳವ್ವ. ಪಕ್ಕದ ಸೀಟಿನಲ್ಲಿ ಅವಳ ಮಾವ ಬೀರಪ್ಪ — ದೊಡ್ಡ ರುಮಾಲು, ಮಡಿಲಲ್ಲಿ ಕಂಬಳಿ — ಸೊಸೆ ಗೇರ್ ಬದಲಿಸುವುದನ್ನು ಜನ ನೋಡಲಿ ಎಂದು ಕಿಟಕಿಯ ಗಾಜು ಪೂರ್ತಿ ಇಳಿಸಿ ಕೂರುತ್ತಿದ್ದ.

ಎರೆಹೊಲದ ದಾರಿಯಲ್ಲಿ ಗಾಡಿಯ ಮೂತಿ ನೆಲಕ್ಕೆ ಬಡಿಯುತ್ತಿತ್ತು. ಮುಂದಿನ ಪಾಟಾಗಳು ಕುಸಿದಿದ್ದವು. ನನ್ನ ಹೆಸರು ಕೇಳಿ ಗೋಕಾಕ ದಾಟಿ ಅಷ್ಟು ದೂರ ಬಂದಿದ್ದಳು. ನನ್ನನ್ನು ನಂಬಿ ಬಂದಿದ್ದಳು.

ಗಾಡಿ ನಿಲ್ಲಿಸಿ ಕೆಳಗಿಳಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಜೊತೆ ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಬೆಂಚಿನ ಮೇಲೆ ಯಾವಾಗಲೂ ಇರುವ ನಾಲ್ಕಾರು ಮಂದಿ ಇದ್ದರು: ಲಾರಿ ಡ್ರೈವರುಗಳು, ಕೆಲಸವಿಲ್ಲದ ಮಾತುಗಾರರು. ನಕ್ಕರು. ನಾನೂ ನಕ್ಕೆ. ಅವಳು ನಗುವಿನ ಕಡೆ ತಿರುಗಿಯೂ ನೋಡದೆ ಕೇಳಿದಳು:

“ಮಿಸ್ತ್ರಿ, ಪಾಟಾ ಏರಿಸಿದ್ರ ಸ್ಟೇರಿಂಗಿಗೆ ಏನಾರ ಆಗತೈತೇನ್ರಿ?”

ಕೇಳಬೇಕಾದ ಪ್ರಶ್ನೆಯೇ ಅದು. ಹೊಸ ಪಟ್ಟಿ ಸೇರಿಸಿ, ಬಾಗು ಹೆಚ್ಚಿಸಿ, ಪಾಟಾ ತೂಗುಹಾಕುವ ಕೊಂಡಿ ಉದ್ದ ಮಾಡಿದರೆ ಗಾಡಿಯ ಮೂತಿ ಮೇಲೇಳುತ್ತದೆ. ಅದರ ಜೊತೆಗೆ ಮುಂದಿನ ಆಕ್ಸಲ್ ತುಸು ವಾಲಿ ಕೂರುತ್ತದೆ. ಅದನ್ನು ಸರಿಪಡಿಸಲು ಪಾಟಾ ಮತ್ತು ಆಕ್ಸಲ್ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಿರುವ ಉಕ್ಕಿನ ಬೆಣೆ ಹಾಕಬೇಕು. ಹಾಕದಿದ್ದರೆ ತಿರುವಿದ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಓಟ ಹೆಚ್ಚಿದಂತೆ ಗಾಡಿ ಅತ್ತಿತ್ತ ಅಲೆಯುತ್ತದೆ.

ಇಷ್ಟನ್ನು ಅವಳಿಗೆ ಹೇಳಬಹುದಿತ್ತು. ಕುರಿ ಕಾಯುವ ಹೆಂಗಸೊಬ್ಬಳು ನನ್ನ ಗಿರಾಕಿಗಳ ಮುಂದೆ ನನ್ನ ಕೆಲಸದ ಬಗ್ಗೆ ಪ್ರಶ್ನೆ ಕೇಳಿದಳಲ್ಲ — ಅದೇ ತಲೆಯಲ್ಲಿ ಕೂತಿತ್ತು. “ಏನೂ ಆಗೂದಿಲ್ಲವಾ, ನೀ ಹೋಗಿ ನೆರಳಾಗ ಕೂಡು” ಎಂದೆ.

ಅವಳು ಕೂಡಲಿಲ್ಲ. ಕೆಲಸ ಮುಗಿಯುವವರೆಗೂ ನಿಂತೇ ನೋಡಿದಳು. ನನಗೆ ಮೈಯೆಲ್ಲ ಉರಿ. ಬೆಣೆಗಳ ಜೋಡಿ ಗೂಡಿನಲ್ಲಿ ನನ್ನ ಕಣ್ಣೆದುರಿಗೇ ಇತ್ತು. ಕೈ ಅತ್ತ ಹೋಯಿತು ಕೂಡ. ಹಿಂದಕ್ಕೆ ತೆಗೆದುಕೊಂಡೆ. ದಾರಿಯಲ್ಲಿ ಒದ್ದಾಡಲಿ, ಸ್ಟೇರಿಂಗ್ ಹಿಡಿಯುವ ಸೊಕ್ಕು ಇಳಿಯಲಿ, ನಾಳೆಯಿಂದ ಗಂಡಸರನ್ನು ಕಳಿಸಲಿ — ಹೀಗೆಯೇ ಯೋಚಿಸಿದೆ. ಇದಕ್ಕಿಂತ ಒಳ್ಳೆಯ ಯೋಚನೆ ಇತ್ತು ಎಂದು ಬರೆಯಲಾರೆ.

ಪಕ್ಕದಲ್ಲಿ ವೆಲ್ಡಿಂಗ್ ಮಾಡುವ ಮೆಹಬೂಬ ಬೋಲ್ಟ್ ಬಿಗಿಯುವುದನ್ನು ನೋಡಿ ಮೆಲ್ಲಗೆ ಅಂದ: “ಈರಣ್ಣಾ, ಬೆಣಿ?”

“ನನಗ ಗೊತ್ತೈತಿ. ನಿನ್ನ ಕೆಲಸ ನೋಡ್ಕೋ.”

ಅವನು ಆಮೇಲೆ ಆ ವಿಷಯ ಎತ್ತಲಿಲ್ಲ. ನನ್ನ ಗ್ಯಾರೇಜಿಗೆ ಚಹಾಕ್ಕೆ ಬರುವುದನ್ನೂ ಬಿಟ್ಟ.

ಕೆಲವು ದಿನಗಳ ಮೇಲೆ ಮಾಳವ್ವ ಗಾಡಿ ತಿರುಗಿಸಿಕೊಂಡು ಬಂದಳು. ಮೂತಿ ಈಗ ಎಲ್ಲೂ ಬಡಿಯುವುದಿಲ್ಲ ಎಂದು ಮೊದಲು ಹೊಗಳಿದಳು. ಆಮೇಲೆ ಹೇಳಿದಳು: “ಆದರ ತಿರುವಿದ ಮ್ಯಾಲ ಸ್ಟೇರಿಂಗ್ ವಾಪಸ್ ಬರವಲ್ತ್ರಿ. ಜೋರು ಹೋದ್ರ ಗಾಡಿ ಎಳದಾಡತೈತಿ. ಒಮ್ಮೆ ನೋಡ್ರಿ.”

ಇನ್ನೊಂದು ಅವಕಾಶ. ಅರ್ಧ ದಿನದ ಕೆಲಸ. ಬೆಂಚಿನವರು ಬಾಯಿ ಮುಚ್ಚಿ ಕಾದಿದ್ದರು — ನಾನು ಏನನ್ನುತ್ತೇನೆ ಎಂದು. ಅವರನ್ನು ನಿರಾಸೆ ಮಾಡಬಾರದಲ್ಲ!

“ಗಾಡಿ ಸರಿ ಐತಿ ತಂಗಿ. ತೋಳಿನ್ಯಾಗ ತಾಕತ್ತು ಬೇಕು. ಅದನ್ನ ನಾ ಎಲ್ಲಿಂದ ಹಾಕ್ಲಿ?”

ಬೆಂಚು ಅಲುಗಾಡುವಷ್ಟು ನಕ್ಕರು. ಮಾಳವ್ವ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. ಗಾಡಿ ಹತ್ತಿದಳು. ಒಳಗಿದ್ದ ಬೀರಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದ. ಆ ಮುದುಕನಿಗೆ ನನ್ನ ಹೊಲಸು ವಾಸನೆ ಹೊಡೆದಿರಬೇಕು.

ಅದು ನಡೆದದ್ದು ಗೋಕಾಕ ಫಾಲ್ಸ್ ರಸ್ತೆಯ ತಿರುವಿನಲ್ಲಿ, ಹಾಡಹಗಲು. ಹಿಂದೆ ಕುರಿಗಳಿದ್ದವು, ಪಕ್ಕದಲ್ಲಿ ಮಾವ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ರಸ್ತೆಯ ನಡುವೆಯೇ ಬಂತು. ಮಾಳವ್ವ ಎಡಕ್ಕೆ ತಿರುವಿದಳು — ಯಾರಾದರೂ ಅದನ್ನೇ ಮಾಡುತ್ತಿದ್ದರು. ಟ್ರ್ಯಾಕ್ಟರ್ ದಾಟಿತು. ಸ್ಟೇರಿಂಗ್ ಮರಳಲಿಲ್ಲ. ಗಾಡಿ ರಸ್ತೆ ಬಿಟ್ಟು ಬಂಡೆಗೆ ಹೋಗಿ ಬಡಿಯಿತು.

ಕುರಿಗಳು ಬಹಳ ಸತ್ತವು. ಬೀರಪ್ಪನ ಸೊಂಟದ ಚಪ್ಪೆ ಎಲುಬು ಮುರಿಯಿತು. ಹುಟ್ಟಿದಾಗಿನಿಂದ ಹಿಂಡಿನ ಹಿಂದೆ ನಡೆದ ಮನುಷ್ಯ ಅಲ್ಲಿಂದಾಚೆ ಕಟ್ಟೆ ಇಳಿಯಲು ಇಬ್ಬರ ಹೆಗಲು ಬೇಡಿದ.

ವಾರದೊಳಗೆ ಮಾಳವ್ವನ ಮೈದುನ ಲಗಮಪ್ಪ ಜಜ್ಜಿದ ಗಾಡಿಯನ್ನು ಎಳೆಸಿಕೊಂಡು ನನ್ನಲ್ಲಿಗೇ ತಂದ. ಹೆದರಿದೆ. ಅವನು ನನ್ನನ್ನು ಅನುಮಾನಿಸಿ ಬಂದಿರಲಿಲ್ಲ. ಅತ್ತಿಗೆಯ ವಿರುದ್ಧ ಒಂದು ಮಾತು ಬೇಕಾಗಿತ್ತು ಅವನಿಗೆ.

“ಖರೆ ಹೇಳ್ರಿ ಮಿಸ್ತ್ರಿ. ಗಾಡ್ಯಾಗ ಏನರ ದೋಷ ಇತ್ತೇನು?”

“ಗಾಡ್ಯಾಗ ಏನೂ ಇಲ್ಲ. ಹೊಡ್ಯಾಕ ಬರಬೇಕು.”

ಇಷ್ಟೇ. ಆ ಮಾತು ಗಾಡಿಗಿಂತ ಮೊದಲು ಕುಲಗೋಡ ಮುಟ್ಟಿತು.

ಮುಂದಿನದು ಇದಕ್ಕಿಂತ ಹೇಸಿಗೆಯದು. ಗಾಡಿ ರಿಪೇರಿ ಮಾಡುವಾಗ ಯಾರೂ ಇಲ್ಲದ ಹೊತ್ತು ನೋಡಿ ಬೆಣೆಗಳನ್ನು ಹಾಕಿಬಿಟ್ಟೆ. ಇನ್ನು ಯಾರಿಗೂ ಪೆಟ್ಟಾಗಬಾರದು ಎಂದು ಮನಸ್ಸಿಗೆ ಹೇಳಿಕೊಂಡೆ — ಸುಳ್ಳು. ಗುರುತು ಅಳಿಸುತ್ತಿದ್ದೆ. ಲಗಮಪ್ಪ ಗಾಡಿಯನ್ನು ಹುಕ್ಕೇರಿವರೆಗೆ ಓಡಿಸಿ ತಂದು ನಗುತ್ತ ಇಳಿದ. ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ತಡವರಿಸುವ ಗಿರಾಕಿ ಅವನು.

“ಹೂವಿನಂಗ ಹೊಂಟೈತ್ರಿ! ನೆಟ್ಟಗ!”

ಬೆಂಚಿನಿಂದ ಒಬ್ಬ ಕೂಗಿದ: “ಗಂಡಸು ಹಿಡದ್ರ ಗಾಡಿನೂ ಹೇಳಿದಂಗ ಕೇಳತೈತಿ.”

ನಾನು ತಲೆಯಾಡಿಸಿದೆ. ಅವಳ ತಪ್ಪು ಅಲ್ಲಿಗೆ ಸಾಬೀತಾಯಿತು — ನಾನು ಗುಟ್ಟಾಗಿ ಮಾಡಿದ ಸರಿಯಾದ ಕೆಲಸದಿಂದ. ಅವಳು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ವರ್ಷಗಳು ಹೋದವು. ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಾಣುತ್ತಿದ್ದೆ, ಹಿಂಡಿಯ ಚೀಲ ಇಟ್ಟುಕೊಂಡು ಕುಲಗೋಡದ ಬಸ್ಸಿಗೆ ಕಾಯುವಾಗ. ನಾನು ಕಂಬದ ಮರೆಗೆ ಸರಿಯುತ್ತಿದ್ದೆ. ಊರಲ್ಲಿ ಎದೆ ಸೆಟೆಸಿ ನಡೆಯುವ ಈರಣ್ಣ ಮಿಸ್ತ್ರಿ! ಹೋದ ವರ್ಷ ಬೀರಪ್ಪ ತೀರಿಕೊಂಡ. ಕೊನೆಯವರೆಗೂ ಸೊಸೆಯದು ತಪ್ಪಿಲ್ಲ ಎಂದೇ ಹೇಳುತ್ತಿದ್ದನಂತೆ. ಮುದುಕನಿಗೆ ಸೊಸೆಯ ಮೇಲೆ ಮಾಯೆ ಎಂದು ಜನ ನಗುತ್ತಿದ್ದರಂತೆ. ಗ್ಯಾರೇಜಿನಲ್ಲಿ ಯಾರೋ ಇದನ್ನು ಹೇಳಿ ನಕ್ಕಾಗ ನನ್ನ ಬಾಯಿಯೂ ಅಭ್ಯಾಸಬಲದಿಂದ ನಗಲು ತೆರೆಯಿತು. ಆ ಬಾಯಿಯ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಅವತ್ತು. ಬಹಳ ತಡವಾಗಿ ಹುಟ್ಟಿದ್ದು.

ಕುಲಗೋಡಕ್ಕೆ ಹೋದೆ. ಮಾಳವ್ವ ಹಟ್ಟಿಯಲ್ಲಿ ಕುರಿಯ ಗೊರಸು ಕೆತ್ತುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಅವಳ ಕೈ ನಿಂತಿತು.

“ನಾ ತಿರುಗಿ ಬಂದು ಹೇಳಿದ್ನಲ್ರಿ, ಸ್ಟೇರಿಂಗ್ ವಾಪಸ್ ಬರವಲ್ತು ಅಂತ. ಆಗ ನಿಮಗ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಬೈದಿದ್ದರೆ ಬದುಕುತ್ತಿದ್ದೆ.

“ನಾ ಇಷ್ಟು ವರ್ಷ ನನ್ನ ಕೈಗೆ ಬೈಕೊಂಡೇನ್ರಿ,” ಎಂದಳು. “ಮಾವನ ಕಾಲು ತಿಕ್ಕೂ ಮುಂದ ದಿನಾ ಬೈಕೊಂಡೇನಿ. ಮಾವ ನನ್ನ ಕೈ ಹಿಡದು, ನಿನ್ನ ತಪ್ಪಲ್ಲ ಬಿಡವಾ ಅಂತಿದ್ದ. ನಾನ ನಂಬಲಿಲ್ಲ.”

ಏನೋ ಹೇಳಹೋದೆ — ಕ್ಷಮೆ ಎಂಬ ಮಾತೇ ಇರಬೇಕು. ಅವಳು ಮತ್ತೆ ಗೊರಸಿನ ಕಡೆ ಬಗ್ಗಿದಳು.

“ನನಗ್ಯಾಕ ಹೇಳ್ತೀರಿ? ಎಲ್ಲಿ ನಕ್ಕೀರಿ, ಅಲ್ಲಿ ಹೋಗಿ ಹೇಳ್ರಿ.”

ಹೊರಗೆ ಬರುವಾಗ ಲಗಮಪ್ಪ ಎದುರಾದ. ಅವನಿಗೂ ಹೇಳಿದೆ. “ಆದದ್ದು ಆತು, ಈಗ್ಯಾಕ ಅದನ್ನ ಎಬ್ಬಸ್ತೀರಿ?” ಎಂದು ಮುಖ ತಿರುಗಿಸಿಕೊಂಡು ಹೋದ.

ಮರುದಿನ ಬೆಂಚು ತುಂಬುವವರೆಗೆ ಕಾದು, ಎದ್ದು ನಿಂತು ಹೇಳಿದೆ. ಬೆಣೆ ಹಾಕಲಿಲ್ಲ, ಗೊತ್ತಿದ್ದೇ ಹಾಕಲಿಲ್ಲ, ಆಮೇಲೆ ಕದ್ದು ಹಾಕಿದೆ ಎಂದೆ. ಕೆಲವರು ಮುಖ ಮುಖ ನೋಡಿಕೊಂಡರು. ಒಬ್ಬ ನನ್ನ ಬೆನ್ನು ತಟ್ಟಿ ಅಂದ: “ಬಿಡ್ರಿ ಮಿಸ್ತ್ರಿ. ಪಾಪ ಅನಿಸಿ ಆ ಹೆಣಮಗಳ ತಪ್ಪು ಮೈಮ್ಯಾಲ ಹಾಕ್ಕೊಳ್ಳಾಕತ್ತೀರಿ. ನಿಮ್ಮ ಕೆಲಸ ನಮಗ ಗೊತ್ತಿಲ್ಲೇನು?” ಎಲ್ಲರೂ ನಕ್ಕರು. ಚಹಾ ತರಿಸಿದರು.

ಅವತ್ತು ಒಂದೇ ಮಾತಿಗೆ ನನ್ನ ಸುಳ್ಳನ್ನು ನಂಬಿದ ಮಂದಿ ಇವರೇ.

ಚಹಾ ಬಂತು. ನಾನು ಮುಟ್ಟಲಿಲ್ಲ. ನಗು ನಿಲ್ಲುವವರೆಗೂ ನಿಂತಿದ್ದು, ಅವಳು ಗಾಡಿ ತಂದು ನಿಲ್ಲಿಸಿದಲ್ಲಿಂದ ಹಿಡಿದು ಮತ್ತೆ ಹೇಳಲು ಶುರುಮಾಡಿದೆ.