ಗಂಟಿನೊಳಗಿನ ಮರಿ

ಸೊಲ್ಲಾಪುರದ ನವೀ ಪೇಠದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲೆ ಕಂಬಳಿ ನೇಕಾರರ ಸಹಕಾರಿ ಸಂಘದ ಕಚೇರಿ ಇತ್ತು. ಎರಡು ಮೇಜು, ಒಂದು ಟೈಪ್‌ರೈಟರ್, ಮೂಗಿಗೆ ಬಡಿಯುವ ಉಣ್ಣೆಯ ವಾಸನೆ. ದ್ವಾರಕಾಬಾಯಿ ಅಲ್ಲಿ ಗುಮಾಸ್ತೆ. ಹೆಸರಿಗೆ ಮಾತ್ರ ಗುಮಾಸ್ತೆ. ಅಕ್ಕಲಕೋಟ ತಾಲೂಕಿನ ಮೂರು ಊರುಗಳಲ್ಲಿ ನೇಯ್ದ ಕಂಬಳಿ ಜರ್ಮನಿಯ ಅಂಗಡಿಗೆ ಹೋಗಿ ಮುಟ್ಟುವವರೆಗೆ ಅದರ ಅಳತೆ ಎಷ್ಟಿರಬೇಕು, ಗಂಟನ್ನು ಹೇಗೆ ಕಟ್ಟಬೇಕು, ಚೀಟಿಯ ಮೇಲೆ ಏನು ಬರೆಯಬೇಕು ಎಂಬ ಕಟ್ಟಳೆಯನ್ನೆಲ್ಲ ಮಾಡಿದವಳು ಆಕೆಯೇ. ದೊಡ್ಡ ದೇಶಗಳಲ್ಲಿ ಇಂಥ ಕೆಲಸಕ್ಕೆ ಕೋಟು ತೊಟ್ಟವರು ಮೇಜಿನ ಸುತ್ತ ಕೂತು ವರ್ಷಗಟ್ಟಲೆ ಚರ್ಚೆ ಮಾಡುತ್ತಾರಂತೆ. ದ್ವಾರಕಾಬಾಯಿ ಅದನ್ನು ಮಧ್ಯಾಹ್ನದ ಭಕ್ರಿ ತಿಂದು ಕೈ ತೊಳೆದುಕೊಂಡ ಮೇಲೆ, ದಿನಕ್ಕಿಷ್ಟು ಎಂದು ಮಾಡಿ ಮುಗಿಸಿದಳು.

ಇದಕ್ಕೆಲ್ಲ ಮೂಲ ಆಕೆಯ ಗಂಡ ಪಂಢರಿನಾಥ. ಪಾಪ, ಆತನಿಗೆ ಅದು ಗೊತ್ತೂ ಇರಲಿಲ್ಲ. ಆತ ಸೊಲ್ಲಾಪುರದ ದೊಡ್ಡ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವ. ಎಪ್ಪತ್ತೆರಡರಲ್ಲಿ ಪಿನ್‌ಕೋಡ್ ಬಂದ ಹೊಸದರಲ್ಲಿ ಆತನಿಗೆ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. "ಮದ್ಲ ಊರ ಹೆಸರ ಓದಿ ಓದಿ ತಲಿ ಕೆಡತಿತ್ತು. ಒಂದ ಹೆಸರಿನ ಊರು ಹತ್ತ ಅದಾವ. ಈಗ ನಂಬರ್ ನೋಡತೀನಿ, ಒಗೀತೀನಿ" ಎಂದು ಒಂದು ದಿನ ಅಂದ. ದ್ವಾರಕಾಬಾಯಿ ಸಾರಿನ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

ಯಾಕೆಂದರೆ ಆ ವಾರವಷ್ಟೇ ಜರ್ಮನಿಯಿಂದ ತಕರಾರು ಬಂದಿತ್ತು. ಹೋದ ಸಲ ಕಳಿಸಿದ್ದೇ ಬೇಕು ಎಂದು ಅವರು ಬರೆದಿದ್ದರು, ಇವರು ಬೇರೆಯದೇ ಕಳಿಸಿದ್ದರು. ಕರಿ ಕಂಬಳಿಗೆ ಬಿಳಿ ಅಂಚಿದ್ದರೆ ವಾಗದರಿಯಲ್ಲಿ ಅದಕ್ಕೆ ಒಂದು ಹೆಸರು, ಹನ್ನೂರಿನಲ್ಲಿ ಇನ್ನೊಂದು, ತಡವಳದಲ್ಲಿ ಮತ್ತೊಂದು. ಕಚೇರಿಯ ಮರಾಠಿ ಕಾಗದದಲ್ಲಿ ನಾಲ್ಕನೆಯದು. ಮರುದಿನ ದ್ವಾರಕಾಬಾಯಿ ಒಂದು ಹೊಸ ವಹಿ ತೆಗೆದು ಎಡಗಡೆ ಕನ್ನಡ, ಬಲಗಡೆ ಮರಾಠಿ ಎಂದು ಗೆರೆ ಎಳೆದಳು. ಎರಡು ತಿಂಗಳಲ್ಲಿ ಹದಿನಾರು ನಿಯಮಗಳಾದವು. ಒಂದು ನಮೂನೆಗೆ ಒಂದೇ ನಂಬರ್. ಒಮ್ಮೆ ಕೊಟ್ಟ ನಂಬರನ್ನು, ಆ ನಮೂನೆ ನಿಂತುಹೋದರೂ, ಇನ್ನೊಂದಕ್ಕೆ ಕೊಡುವಂತಿಲ್ಲ. ಗಂಟಿನಲ್ಲಿದ್ದದ್ದು ಚೀಟಿಯಲ್ಲಿರಬೇಕು, ಚೀಟಿಯಲ್ಲಿದ್ದದ್ದು ಗಂಟಿನಲ್ಲಿರಬೇಕು. ಮೂರೂ ಊರಿನವರು ಕೂಡಿ ಕೈ ಎತ್ತದೆ ಯಾವ ನಿಯಮವೂ ಬದಲಾಗದು. ಈ ಕೊನೆಯದನ್ನು ಆಕೆ ಬರೆದದ್ದು ಸಂಘದ ಸೆಕ್ರೆಟರಿ ಅಣ್ಣಾರಾಯರ ಮೇಲೆ ಕಣ್ಣಿಟ್ಟು ಎಂದು ಬಲ್ಲವರು ಹೇಳುತ್ತಿದ್ದರು.

ಅಣ್ಣಾರಾಯರು ಕೆಟ್ಟವರಲ್ಲ, ಆತುರದವರು. ಒಮ್ಮೆ ಹನ್ನೆರಡನೇ ನಂಬರಿನ ನಮೂನೆಯನ್ನು ನೇಯುವವರಿಲ್ಲದೆ ನಿಲ್ಲಿಸಿದಾಗ, ಆ ನಂಬರಿಗೆ ಪರದೇಶದಲ್ಲಿ ಒಳ್ಳೆ ಹೆಸರಿದೆ, ಹೊಸ ನಮೂನೆಗೆ ಅದನ್ನೇ ಅಂಟಿಸಿರಿ ಅಂದರು. "ಅದು ಸತ್ತವರ ರೇಶನ್ ಕಾರ್ಡಿನ ಮ್ಯಾಲ ಸಕ್ಕರಿ ತಂದಂಗ ಆಗತದ್ರಿ ಅಣ್ಣಾರಾಯರ" ಎಂದು ದ್ವಾರಕಾಬಾಯಿ ತಲೆ ಎತ್ತದೆ ಹೇಳಿದಳು. ಹೊಸ ನಮೂನೆಗೆ ಇಪ್ಪತ್ತಾರನೇ ನಂಬರ್ ಬಿತ್ತು. ಅಣ್ಣಾರಾಯರು ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ತಾವೇ ಚಹಾ ತರಿಸಿದರು.

ಹೀಗೆ ಮೂರು ವರ್ಷ ಒಂದು ಚೀಟಿಯೂ ತಪ್ಪಲಿಲ್ಲ. ಎಪ್ಪತ್ತಾರರ ಚಳಿಗಾಲದಲ್ಲಿ ತಪ್ಪಿತು.

ಜರ್ಮನಿಯ ಬಂದರಿನಲ್ಲಿ ಮಾಲು ತಡೆದಿದ್ದಾರೆ ಎಂದು ಪತ್ರ ಬಂತು. ಅಲ್ಲಿಯ ಅಧಿಕಾರಿಗಳು ಆರು ಗಂಟು ಬಿಚ್ಚಿದ್ದರು. ಚೀಟಿಯಲ್ಲಿ ಇಪ್ಪತ್ತು ಎಂದಿತ್ತು, ಗಂಟಿನಲ್ಲಿ ಇಪ್ಪತ್ತೊಂದು. ಆ ಇಪ್ಪತ್ತೊಂದನೆಯದು ಅಂಗೈಯಗಲದ ಉಣ್ಣೆಯ ತುಂಡು, ನಡುವಿನ ಕಂಬಳಿಯ ಒಳಮಡಿಕೆಯಲ್ಲಿ ಅಡಗಿಸಿಟ್ಟದ್ದು. ಒಳಗೆ ಏನೋ ಕಳ್ಳಮಾಲು ಇರಬೇಕೆಂದು ಅವರು ಅದನ್ನು ಕತ್ತರಿಸಿಯೂ ನೋಡಿದ್ದರಂತೆ. ಇನ್ನೊಮ್ಮೆ ಹೀಗಾದರೆ ಖರೀದಿ ನಿಲ್ಲಿಸುತ್ತೇವೆ ಎಂದು ಅಂಗಡಿಯವರು ಕೆಳಗೆ ಸೇರಿಸಿದ್ದರು. ಆರೂ ಗಂಟುಗಳು ತಡವಳದವು.

ಅಣ್ಣಾರಾಯರ ಮುಖ ಕೆಂಪಾಯಿತು. "ನೀವು ಸೀಲ್ ಹಾಕಿದ ಮ್ಯಾಲ ಬಿಚ್ಚಿ ತುರುಕ್ಯಾರ ನೋಡ್ರಿ ಇವರು. ಶನಿವಾರ ಸಭಾ ಕರೀತೀನಿ. ತಡವಳದ ಹನ್ನೊಂದೂ ಮಗ್ಗ ಯಾದಿಯಿಂದ ತಗೀರಿ" ಎಂದರು.

ದ್ವಾರಕಾಬಾಯಿ ಆ ಪತ್ರವನ್ನು ಇನ್ನೊಮ್ಮೆ ಓದಿದಳು. ಸೀಲಿನ ಕೆಳಗೆ 'ತೆರೆದು ನೋಡಲಾಗಿದೆ' ಎಂದು ಬರೆದು ಸಹಿ ಹಾಕುವವಳು ಆಕೆ. ತೆರೆದದ್ದು ನಿಜ. ಆದರೆ ನೋಡುವುದೆಂದರೆ ಅಂಚುಗಳನ್ನು ಎಣಿಸುವುದಾಗಿತ್ತು, ಇಪ್ಪತ್ತು ಅಂಚು ಕಂಡರೆ ಇಪ್ಪತ್ತು ಕಂಬಳಿ. ಒಳಮಡಿಕೆಯನ್ನು ಈ ಮೂರು ವರ್ಷದಲ್ಲಿ ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಅಣ್ಣಾರಾಯರಿಗೆ ಆ ಸಂಶಯವೇ ಬಂದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಕೆಯ ಹೆಸರಿಗೆ ಒಂದು ಧೂಳೂ ಹತ್ತುವಂತಿರಲಿಲ್ಲ.

ಮರುದಿನ ಆಕೆ ಕೆಂಪು ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದಳು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತಡವಳಕ್ಕೆ. ಅಲ್ಲಿಯ ನೇಕಾರರಲ್ಲಿ ಹಿರಿಯ ಮರೆಪ್ಪ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದವ ಆಕೆಯನ್ನು ಕಂಡು ಗಡಬಡಿಸಿ ಎದ್ದ. "ಬರ್ರಿ ಬಾಯಾರ, ಬರ್ರಿ. ಒಬ್ಬರ ಬಂದೀರಲ್ರಿ?"

ನೀರು ಕುಡಿದು ಆಕೆ ಸುತ್ತು ಬಳಸದೆ ಕೇಳಿದಳು. "ಮರೆಪ್ಪ ಕಾಕಾ, ಗಂಟಿನ್ಯಾಗ ಸಣ್ಣ ತುಂಡ ಯಾರ ಇಡತಾರ?"

ಕದ್ದು ಮಾಡಿದ ಕೆಲಸವಾಗಿದ್ದರೆ ಮುಖದಲ್ಲಿ ಗೊತ್ತಾಗುತ್ತಿತ್ತು. ಮರೆಪ್ಪ ನಕ್ಕ. ಒಳಗೆ ನೂಲುತ್ತಿದ್ದ ಹೆಂಡತಿ ಸೋಮವ್ವನನ್ನು ಕೂಗಿದ. ಸೋಮವ್ವ ಗೂಡಿನಿಂದ ಒಂದು ಬುಟ್ಟಿ ತಂದು ಮುಂದಿಟ್ಟಳು. ಅದರ ತುಂಬ ಪುಟ್ಟ ಪುಟ್ಟ ಕಂಬಳಿಗಳು. ಮಗ್ಗದಲ್ಲಿ ಉಳಿದ ಉಣ್ಣೆಯಿಂದ ಹೆಂಗಸರು ಬೆರಳಲ್ಲೇ ಹೆಣೆದವು, ಅಂಚು ಸಮೇತ.

"ಇದು ಕಂಬಳಿ ಮರಿ ರೀ ಬಾಯಾರ" ಅಂದಳು ಸೋಮವ್ವ. "ಕುರಿ ಕಾಯೋ ದೇವರು ಬೀರೋಬಾನ ಉಣ್ಣಿ ಇದು. ಕಂಬಳಿ ಮನಿ ಬಿಟ್ಟು ದೂರ ಹೋಗುವಾಗ ಮರಿ ಬಿಟ್ಟು ಹೋಗಬಾರದು."

"ಚೀಟಿಯಾಗ ಬರದಿಲ್ಲಲ್ಲ ಆಯಿ?"

"ಮರೀನ ಯಾರ ಬರೀತಾರ್ರೀ!" ಸೋಮವ್ವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಸಂತ್ಯಾಗ ಕುರಿ ಮಾರೂಮುಂದ ಹಾಲ ಕುಡಿಯೋ ಮರಿ ಲೆಕ್ಕಕ್ಕ ಹಿಡೀತಾರೇನು? ತಾಯಿ ಹಿಂದ ಅದು ತಾನ ಹೋಗತದ."

ಕುರಿ ಸಾಕಿದವರಲ್ಲದೆ ಇನ್ನಾರೂ ಮಾಡಲಾರದ ತಪ್ಪು ಇದು. ದ್ವಾರಕಾಬಾಯಿಗೆ ನಗು ಬಂತು, ಅದರ ಬೆನ್ನಿಗೇ ಸಂಕಟವೂ ಬಂತು. ಬಂದರಿನ ಸುದ್ದಿ, ಶನಿವಾರದ ಸಭೆಯ ಸುದ್ದಿ ಎರಡನ್ನೂ ಹೇಳಿದಳು. ಮರೆಪ್ಪನ ಮುಖ ಬಾಡಿತು.

"ಹನ್ನೊಂದ ಮಗ್ಗ ನಿಂತರ ಓಣಿ ನಿಂತಂಗರಿ" ಎಂದ. "ಇನ್ನ ಮ್ಯಾಲ ಇಡೂದಿಲ್ಲಂತ ನಾ ಬೀರೋಬಾನ ಆಣಿ ಮಾಡತೀನಿ, ಹೇಳ್ರಿ ಅವರಿಗೆ."

ಸೋಮವ್ವ ಬುಟ್ಟಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡು, ಮೇಲೊಂದು ಬಟ್ಟೆ ಮುಚ್ಚಿದಳು.

ಮರಳುವ ಬಸ್ಸಿನಲ್ಲಿ ದ್ವಾರಕಾಬಾಯಿ ಹದಿನೇಳನೇ ನಿಯಮವನ್ನು ಮನಸ್ಸಿನಲ್ಲೇ ಬರೆದಳು. ಗಂಟಿನಲ್ಲಿ ಕಂಬಳಿಯ ಹೊರತು ಬೇರೇನೂ ಇರಕೂಡದು. ಸಣ್ಣ ವಾಕ್ಯ, ಎಲ್ಲರಿಗೂ ತಿಳಿಯುವಂಥದ್ದು. ಆದರೂ ಆ ಬುಟ್ಟಿಯ ಮೇಲೆ ಎಳೆದ ಬಟ್ಟೆ ಕಣ್ಣಿಂದ ಹೋಗಲೊಲ್ಲದು. ಸೊಲ್ಲಾಪುರ ಹತ್ತಿರ ಬಂದಾಗ ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಗಂಟಿನಲ್ಲಿದ್ದದ್ದು ಚೀಟಿಯಲ್ಲಿರಬೇಕು ಎಂದು ತನ್ನ ಕೈಯಾರೆ ಬರೆದವಳು ತಾನು. ಎರಡಕ್ಕೂ ತಾಳೆ ಬೀಳದಾಗ ಗಂಟಿನಿಂದ ತೆಗೆಯುವುದಷ್ಟೇ ಹೊಳೆಯಿತೇ ಹೊರತು ಚೀಟಿಗೆ ಸೇರಿಸುವುದು ಯಾಕೆ ಹೊಳೆಯಲಿಲ್ಲ? ಆ ಹದಿನಾರು ನಿಯಮಗಳಲ್ಲಿ ಒಂದನ್ನಾದರೂ ಬರೆಯುವ ಮೊದಲು ಆಕೆ ಒಂದು ಮಗ್ಗದ ಮನೆಯಲ್ಲಿ ಕೂತು ನೀರು ಕುಡಿದಿದ್ದಳೇ?

ಶನಿವಾರ ಕಚೇರಿಯ ಮೇಜುಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದರು. ಮೂರೂ ಊರಿನ ಮೂವತ್ತಕ್ಕೂ ಹೆಚ್ಚು ನೇಕಾರರು ಬಂದರು. ಸೋಮವ್ವನೂ ಗಂಡನ ಜೊತೆ ಬಂದಿದ್ದಳು. ಸದಸ್ಯಳಲ್ಲವೆಂದು ಒಳಗೆ ಬರದೆ ಮೆಟ್ಟಿಲ ಬಾಗಿಲಲ್ಲೇ ಕೂತಳು. ಅಣ್ಣಾರಾಯರು ಬಂದರಿನ ಪತ್ರ ಓದಿದರು, ತಡವಳದ ಹೆಸರು ತೆಗೆಯಬೇಕೆಂದರು. ವಾಗದರಿ, ಹನ್ನೂರಿನವರು ನೆಲ ನೋಡುತ್ತ ಕೂತರು. ತಡವಳ ಹೋದರೆ ಅದರ ಪಾಲಿನ ಕೆಲಸ ಅವರಿಗೇ ಬರುವುದಿತ್ತು.

ದ್ವಾರಕಾಬಾಯಿ ಎದ್ದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು, ಅದು ಆಕೆಗೇ ಗೊತ್ತಿರಲಿಲ್ಲ.

"ಸೀಲ್ ಹಾಕಿದ ಮ್ಯಾಲ ಯಾರೂ ಗಂಟ ಬಿಚ್ಚಿಲ್ರಿ. ಮರಿ ಮದ್ಲಿಂದ ಒಳಗ ಇತ್ತು. ನಾ ಅಂಚ ಎಣಿಸಿದೆ, ಮಡಿಕಿ ಬಿಡಿಸಲಿಲ್ಲ. 'ತೆರೆದು ನೋಡಲಾಗಿದೆ' ಅಂತ ಸಹಿ ಮಾಡೀನಿ. ನೋಡಿರಲಿಲ್ಲ. ಯಾದಿಯಿಂದ ಹೆಸರ ತಗೀಬೇಕಂದ್ರ ಮದ್ಲ ನಂದು ತಗೀರಿ, ಆಮ್ಯಾಲ ಅವರದು."

"ಬಾಯಿ, ನೀವು ಕೂಡ್ರಿ" ಎಂದರು ಅಣ್ಣಾರಾಯರು. ದನಿ ಅರ್ಧಕ್ಕೇ ನಿಂತಿತು. ಈಕೆ ಇಲ್ಲದೆ ಆ ಕಚೇರಿ ಒಂದು ವಾರವೂ ನಡೆಯದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ದ್ವಾರಕಾಬಾಯಿ ಕೂರಲಿಲ್ಲ. ಕೆಳಗಿನ ಅಂಗಡಿಯಲ್ಲಿ ಯಾರೋ ಕೊಡಪಾನ ಬಾರಿಸಿ ನೋಡುವುದು ಕೇಳುತ್ತಿತ್ತು. ಆಗ ವಾಗದರಿಯ ನಾಗಪ್ಪ ಕೆಮ್ಮಿದ. ಜಾಣ ಮನುಷ್ಯ, ಲಾಭ ಬಿಡುವವನಲ್ಲ ಎಂದು ಹೆಸರಾದವ. ಆತ ಮೊಣಕಾಲ ಮೇಲೆ ಕೈ ಊರಿ ಎದ್ದ.

"ಸೆಕ್ರೆಟರಿ ಸಾಹೇಬರ, ನಮ್ಮ ಗಂಟಿನ್ಯಾಗೂ ಮರಿ ಐತ್ರಿ. ಅವರು ಬಿಚ್ಚಿದ್ದು ತಡವಳದ್ದು ಅಷ್ಟ."

"ಹನ್ನೂರದ್ದರಾಗೂ" ಎಂದ ಹಿಂದಿನಿಂದ ತುಕಾರಾಮ. ಎದ್ದು ನಿಲ್ಲುವ ಧೈರ್ಯ ಆತನಿಗೆ ಸಾಲಲಿಲ್ಲ, ಆದರೆ ಮಾತು ಹೊರಗೆ ಬಂದಿತ್ತು.

ಅಣ್ಣಾರಾಯರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. ಮೂರೂ ಊರನ್ನು ತೆಗೆದರೆ ಸಂಘದಲ್ಲಿ ಉಳಿಯುವುದು ತಾವು ಮತ್ತು ಟೈಪ್‌ರೈಟರ್. "ಹಂಗಾರ ಏನ ಮಾಡೂದು? ನೀವ ಹೇಳ್ರಿ ಬಾಯಿ" ಎಂದರು ಸೋತ ದನಿಯಲ್ಲಿ.

"ಮರಿಗೆ ನಂಬರ್ ಕೊಡೂಣ್ರಿ. ಮೂವತ್ತೊಂದು. ಚೀಟಿಯಾಗ ಇಪ್ಪತ್ತ ಕಂಬಳಿ, ಒಂದ ಮರಿ ಅಂತ ಬರಿಯೂಣು. ಒಳಮಡಿಕಿ ಬಿಡಿಸಿ ನೋಡಬೇಕಂತ ನನಗೊಂದು ನಿಯಮ ಹಾಕೂಣು. ಜರ್ಮನಿಯವರಿಗೆ ಪತ್ರ ಬರದ ಇಟ್ಟೀನಿ, ಮರಿ ಅಂದ್ರ ಏನಂತ. ಅವರು ಬ್ಯಾಡ ಅಂದ್ರ ತಗಿಯೂಣು. ಆದ್ರ ಮದ್ಲ ಕೇಳೂಣು."

ಕೈಗಳು ಎದ್ದವು. ಎಣಿಸುವ ಅಗತ್ಯ ಬೀಳಲಿಲ್ಲ, ಆದರೂ ದ್ವಾರಕಾಬಾಯಿ ಒಂದೊಂದನ್ನೂ ಬೆರಳು ಮಾಡಿ ಎಣಿಸಿದಳು. ಜರ್ಮನಿಯವರು ಮುಂದೆ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮರಿ ಇಲ್ಲದ ಗಂಟು ಬೇಡ ಎಂದೂ ಬರೆದರು. ಅದು ಎರಡು ತಿಂಗಳ ಮೇಲಿನ ಸಂಗತಿ. ಆ ಶನಿವಾರ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರು ಕೈ ಎತ್ತಿದರು, ಗೊತ್ತಿಲ್ಲದೆಯೇ ಆಕೆ ತನ್ನ ನೌಕರಿಯನ್ನು ಪಣಕ್ಕಿಟ್ಟಳು. ಅದಕ್ಕೇ ಆಕೆಯ ಮಾತು ಬಂದರೆ ಈಗಲೂ ಎದೆ ತುಂಬುತ್ತದೆ.

ದ್ವಾರಕಾಬಾಯಿ ವಹಿ ತೆರೆದಳು. ನಂಬರ್ ಬರೆದಳು, ಹೆಸರು ಬರೆದಳು. ಅಳತೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಊರಿಗೊಂದು ಅಳತೆಯ ಮರಿ ಕಳಿಸುವಂತಿರಲಿಲ್ಲ.

"ಒಂದ ಗೇಣ ಅಂತ ಬರೀರಿ" ಎಂದ ನಾಗಪ್ಪ.

"ಯಾರ ಗೇಣು?"

ಹತ್ತಾರು ಕೈಗಳು ಬೆರಳು ಅಗಲಿಸಿಕೊಂಡು ಮುಂದೆ ಬಂದವು. ಗದ್ದಲ ಎದ್ದಿತು. "ಗಂಡಸೂರ ಕೈ ಯಾಕ್ರೋ?" ಎಂದು ಮರೆಪ್ಪ ಗದರಿದ. "ನೀವೇನ ಯಾವಾಗರ ಒಂದ ಮರಿ ಮಾಡೀರಿ?"

ದ್ವಾರಕಾಬಾಯಿ ಬಾಗಿಲ ಕಡೆ ನೋಡಿದಳು. "ಸೋಮವ್ವ ಆಯಿ, ಒಳಗ ಬಾ."

ಸೋಮವ್ವ ಗಂಡಸರ ನಡುವೆ ದಾರಿ ಮಾಡಿಕೊಂಡು ಬಂದಳು. ಮೇಜಿನ ಮೇಲೆ ಬಲಗೈ ಇಟ್ಟು ಬೆರಳು ಅಗಲಿಸಿದಳು. ಟೇಪಿನ ಒಂದು ತುದಿಯನ್ನು ಹಿಡಿಯಲು ಅಣ್ಣಾರಾಯರೇ ಬಗ್ಗಿದರು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಹತ್ತೊಂಬತ್ತು ಸೆಂಟಿಮೀಟರ್. ದ್ವಾರಕಾಬಾಯಿ ಅಂಕಿ ಬರೆದಳು.

"ಆತು ಆಯಿ, ಕೈ ತಗೀ."

ಸೋಮವ್ವ ಕೈ ತೆಗೆಯಲಿಲ್ಲ. ನೂಲು ಹಿಡಿದು ಹಿಡಿದು ಗೆರೆ ಬಿದ್ದ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ನಲವತ್ತ ವರ್ಷ ನೂತದರಿ ಈ ಕೈ" ಎಂದಳು. "ಯಾವ ಚೀಟಿಯಾಗೂ ಬಂದಿರಲಿಲ್ಲ."

ದ್ವಾರಕಾಬಾಯಿ ಮುಚ್ಚಿದ ಪೆನ್ನನ್ನು ಮತ್ತೆ ತೆರೆದಳು. ಕಣ್ಣು ಮಂಜಾಗಿತ್ತು, ಗೆರೆ ತಪ್ಪದ ಹಾಗೆ ನಿಧಾನವಾಗಿ ಬರೆಯಬೇಕಾಯಿತು. ಎಡಗಡೆ ಕನ್ನಡದಲ್ಲಿ, ಬಲಗಡೆ ಮರಾಠಿಯಲ್ಲಿ, ಹತ್ತೊಂಬತ್ತರ ಪಕ್ಕದಲ್ಲಿ ಸೇರಿಸಿದಳು: ತಡವಳದ ಸೋಮವ್ವನ ಗೇಣು.